ಸ್ಪ್ಯಾನಿಷ್ ಕಲಿಕೆಯಲ್ಲಿ ಚರಿತ್ರೆಗೂ ಜಾಗವಿರಲಿ

ಮಾನ್ಯರೇ,

ವಿದೇಶಿ ಭಾಷೆಗಳಿಂದ ದೊರೆಯುವ ಉದ್ಯೋಗಗಳ ಕುರಿತ ಲೇಖನಗಳಲ್ಲಿ ಸ್ಪ್ಯಾನಿಷ್‌ಗೆ ಮುಂಚೂಣಿಯ ಸ್ಥಾನವಿರುತ್ತದೆ. ಸ್ಪೇನ್ ಸೇರಿದಂತೆ 20 ದೇಶಗಳ ಆಡಳಿತ ಭಾಷೆಗೆ ಅದು ಸಲ್ಲಬೇಕಾದದ್ದೇ. ಆದರೆ ಆ ಭಾಷೆಯನ್ನಾಡುವ ಜನರ ಚರಿತ್ರೆಯನ್ನು 1492ರ ಕೊಲಂಬಸ್ ಯಾನದಿಂದ ಆರಂಭಿಸಿ, ಗೆದ್ದವರ ಕಣ್ಣಿನಿಂದಲೇ ನೋಡಿ ಮುಗಿಸುವ ರೂಢಿ ಸರಿಯಲ್ಲ. ಅದೇ ವರ್ಷ ಗ್ರನಾಡಾ ಪತನವಾಗಿ ಸ್ಪೇನಿನ ಕೊನೆಯ ಮುಸ್ಲಿಂ ರಾಜ್ಯ ಅಳಿದದ್ದೂ, ಯಹೂದಿಗಳನ್ನು ದೇಶದಿಂದ ಹೊರಗಟ್ಟಿದ್ದೂ ಎಷ್ಟು ವಿದ್ಯಾರ್ಥಿಗಳ ಗಮನಕ್ಕೆ ಬಂದಿದೆ?

ಗೆದ್ದವರ ದಾಖಲೆಗಳನ್ನು ಎಷ್ಟು ಎಚ್ಚರದಿಂದ ಓದಬೇಕೆಂಬುದಕ್ಕೆ ಮೆಕ್ಸಿಕೊದ ಯುಕಟಾನ್ ಪ್ರಾಂತ್ಯದ ಪ್ರಸಂಗವೊಂದನ್ನು ನೋಡಬಹುದು. 1562ರ ಜುಲೈಯಲ್ಲಿ ಮಾನಿ ಎಂಬ ಊರಿನಲ್ಲಿ ಫ್ರಾನ್ಸಿಸ್ಕನ್ ಪಾದ್ರಿ ದಿಯೆಗೊ ದೆ ಲಾಂಡಾ, ಸೈತಾನನ ಸುಳ್ಳುಗಳೆಂದು ಬಗೆದು ಅಲ್ಲಿನ ಮೂಲನಿವಾಸಿಗಳಾದ ಮಾಯಾ ಜನರ ಗ್ರಂಥಗಳನ್ನು ಸುಡಿಸಿದನು. ಇಂದು ಜಗತ್ತಿನಲ್ಲಿ ಉಳಿದಿರುವ ಮಾಯಾ ಗ್ರಂಥಗಳು ನಾಲ್ಕೇ ನಾಲ್ಕು. ವಿಚಿತ್ರವೆಂದರೆ, ಆ ಲಿಪಿಯನ್ನು ಓದಲು ನಂತರದವರಿಗೆ ಕೀಲಿಕೈ ಒದಗಿಸಿದ್ದೂ ಅದೇ ಲಾಂಡಾನ ಬರಹ. ಆತ ಸ್ಪ್ಯಾನಿಷ್ ಅಕ್ಷರಗಳ ಹೆಸರನ್ನು ಒಂದೊಂದಾಗಿ ಉಚ್ಚರಿಸಿ, ಅವುಗಳ ಮಾಯಾ ರೂಪವನ್ನು ಸ್ಥಳೀಯ ಲಿಪಿಕಾರನಿಂದ ಬರೆಸಿಕೊಂಡಿದ್ದನು. ಇಂಗ್ಲಿಷಿನ ಎರಡನೆಯ ಅಕ್ಷರವನ್ನು ಹೇಳಿದರೆ ಕನ್ನಡಿಗನೊಬ್ಬ ಬಕಾರಕ್ಕೆ ಗುಡಿಸು ಕೊಟ್ಟು ‘ಬಿ’ ಎಂದು ಬರೆಯುವಂತೆ, ಲಿಪಿಕಾರನು ಕಿವಿಗೆ ಬಿದ್ದ ಇಡೀ ಉಚ್ಚಾರಕ್ಕೆ ಚಿಹ್ನೆ ಬರೆದುಕೊಟ್ಟನು. ಲಾಂಡಾ ಅದನ್ನೇ ವರ್ಣಮಾಲೆಯೆಂದು ನಂಬಿದ್ದನು. ಅವು ಉಚ್ಚಾರಾಂಶಗಳ ಚಿಹ್ನೆಗಳೆಂದು ಸೋವಿಯತ್ ವಿದ್ವಾಂಸ ಯೂರಿ ಕ್ನೊರೊಜೊವ್ 1952ರಲ್ಲಿ ತೋರಿಸಿಕೊಡುವವರೆಗೆ ಆ ಪಟ್ಟಿಯನ್ನು ನಿಷ್ಪ್ರಯೋಜಕವೆಂದು ಬದಿಗಿಟ್ಟವರೇ ಹೆಚ್ಚು. ಅಂದಹಾಗೆ, ಲಾಂಡಾ ಮಾದರಿಗೆಂದು ಕೊಟ್ಟಿರುವ ಮಾಯಾ ವಾಕ್ಯದ ಅರ್ಥ ‘ನನಗೆ ಇಷ್ಟವಿಲ್ಲ’ ಎಂದು!

ಮಾಯಾ ಭಾಷೆಗಳು ಇಂದಿಗೂ ಜೀವಂತವಾಗಿವೆ. ಪರಗ್ವೆಯಲ್ಲಿ 1992ರ ಸಂವಿಧಾನ ಅಲ್ಲಿನ ಮೂಲನಿವಾಸಿ ಭಾಷೆಯಾದ ಗ್ವಾರಾನಿಗೆ ಸ್ಪ್ಯಾನಿಷಿನ ಸಮಕ್ಕೆ ಅಧಿಕೃತ ಸ್ಥಾನ ನೀಡಿತು. ಬೊಲಿವಿಯಾದ 2009ರ ಸಂವಿಧಾನ ಸ್ಪ್ಯಾನಿಷ್ ಜೊತೆಗೆ 36 ಮೂಲನಿವಾಸಿ ಭಾಷೆಗಳನ್ನು ಮಾನ್ಯ ಮಾಡಿದೆ. ಆಫ್ರಿಕಾದ ಇಕ್ವಟೋರಿಯಲ್ ಗಿನಿಯಲ್ಲೂ ಸ್ಪ್ಯಾನಿಷ್ ಅಧಿಕೃತ ಭಾಷೆಯೆಂದರೆ ನಮ್ಮಲ್ಲಿ ಅನೇಕರು ಹುಬ್ಬೇರಿಸುತ್ತಾರೆ. ಇವರೆಲ್ಲರನ್ನೂ ಒಂದೇ ಸಂಸ್ಕೃತಿಯವರೆಂದು ಕಲಿಸುವುದು ಅನುಕೂಲಕರವಿರಬಹುದು, ನಿಜವಲ್ಲ.

ಆದ್ದರಿಂದ ಸ್ಪ್ಯಾನಿಷ್ ಡಿಪ್ಲೊಮಾ ನಡೆಸುವ ನಮ್ಮ ಕಾಲೇಜುಗಳು ವ್ಯಾಕರಣ, ಸಂಭಾಷಣೆಗಳ ಜೊತೆಗೆ ಚರಿತ್ರೆಗೂ ಒಂದು ಪೂರ್ಣ ಪತ್ರಿಕೆಯನ್ನು ಮೀಸಲಿಡಬೇಕು. ಇತಿಹಾಸ ವಿಭಾಗದ ಅಧ್ಯಾಪಕರನ್ನೇ ಇದಕ್ಕೆ ಸಜ್ಜುಗೊಳಿಸಿದರೆ ಹೆಚ್ಚಿನ ಖರ್ಚೂ ಬೀಳದು.

– ನಿವೃತ್ತ ಇತಿಹಾಸ ಅಧ್ಯಾಪಕಿ, ಧಾರವಾಡ