ಕಥೆ ಮರೆತರೂ ಹುಲಿಯ ನೆನಪಿದೆ

ಪ್ರಿಯ ಗೆಳೆಯ,

ಹೋದ ಸಲ ಫೋನಿನಲ್ಲಿ ಕೇಳಿದ್ದೆಯಲ್ಲ, ‘ಅಷ್ಟೊಂದು ಕಾದಂಬರಿ ಓದ್ತೀಯ, ಕೊನೆಗೆ ತಲೆಯಲ್ಲಿ ಏನು ಉಳಿಯುತ್ತೆ ಮಾರಾಯ?’ ಅಂತ. ಕಥೆಯಂತೂ ಜಾಸ್ತಿ ಉಳಿಯುವುದಿಲ್ಲ.

ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ತಗೋ. ಸಿಂಬಾವಿ, ಹಳೆಮನೆ, ಕೋಣೂರು, ಬೆಟ್ಟಳ್ಳಿ... ಯಾವ ಹೆಗ್ಗಡೆ ಯಾವ ಮನೆಯವರು, ಯಾರಿಗೆ ಯಾರು ಏನಾಗಬೇಕು ಅಂತ ಈಗ ಕೇಳಿದರೆ ತಡವರಿಸುತ್ತೇನೆ. ಆದರೆ ಸಿಂಬಾವಿಯ ಆಳು ಗುತ್ತಿಯ ನಾಯಿ ಹುಲಿಯ? ತುಂಗೆ ತುಂಬಿ ಹರಿಯುತ್ತಿದೆ. ಗುತ್ತಿ, ತಿಮ್ಮಿ ಹೊಳೆ ದಾಟುತ್ತಿದ್ದಾರೆ. ಹಿಂದೆ ಈಜಿ ಬರುತ್ತಿದ್ದ ಹುಲಿಯ ಸೆಳವಿಗೆ ಸಿಕ್ಕಿ ಕೊಚ್ಚಿಹೋಗುತ್ತದೆ. ಮದುವೆ, ಜಗಳ, ಸಾಲ ಎಲ್ಲ ಮಸುಕಾದರೂ ಆ ನಾಯಿ ಮಾತ್ರ ಅಲ್ಲೇ ಈಜುತ್ತಿದೆ.

ಎರಡನೇ ಓದಿನಲ್ಲಿ ಆಗಿದ್ದೇ ಬೇರೆ. ಶುರುವಿನಲ್ಲೇ ಗುತ್ತಿಯ ಜೊತೆ ಹುಲಿಯ ಬರುತ್ತದೆ. ಅಲ್ಲಿ ಅಳುವಂಥದ್ದು ಏನೂ ಇಲ್ಲ. ಆದರೂ ಹೆಸರು ಕಂಡ ಕೂಡಲೇ ಗಂಟಲು ಕಟ್ಟಿತು. ಮೊದಲ ಸಲ ಕಥೆಯ ಹಿಂದೆ ನಾನು ಓಡಿದ್ದೆ. ಈ ಸಲ ನೆನಪೇ ಮುಂದೆ ಹೋಗಿ ಹೊಳೆದಂಡೆಯಲ್ಲಿ ಕಾಯುತ್ತಾ ನಿಂತಿತ್ತು. ನೂರಾರು ಪುಟ ಅದೇ ಅಳುಕಿನಲ್ಲಿ ಓದಿದೆ.

ತೇಜಸ್ವಿಯವರ ‘ಕರ್ವಾಲೊ’ದಲ್ಲಿ ಇನ್ನೊಂದು ಥರ. 1980ರ ಪುಸ್ತಕ. ಕಾಲೇಜಿನಲ್ಲಿ ಓದಿದಾಗ ನನಗೆ ಹಾರುವ ಓತಿ ಬಿಟ್ಟು ಬೇರೇನೂ ಕಾಣಲಿಲ್ಲ. ಈಗ ಓತಿ ಹಿಂದೆ ಸರಿದಿದೆ, ಮಂದಣ್ಣ ಮುಂದೆ ಬಂದಿದ್ದಾನೆ. ವಿಜ್ಞಾನಿಗಳೇ ಹುಡುಕುವ ಪ್ರಾಣಿಯನ್ನು ಕಣ್ಣಾರೆ ಕಂಡವನಿಗೆ ಒಂದು ಜವಾನನ ಕೆಲಸ, ಒಂದು ಮದುವೆ ಆದರೆ ಸಾಕಾಗಿದೆ! ಆಗ ಸುಮ್ನೆ ನಕ್ಕಿದ್ದೆ. ಈಗಲೂ ನಗು ಬರುತ್ತೆ, ಆದರೆ ಪೂರ್ತಿ ಬರಲ್ಲ. ಕೆಲಸ ಹುಡುಕಿ ಅಲೆದವರಿಗೆ ಅದು ಅರ್ಥವಾಗುತ್ತೆ, ಅಲ್ವಾ?

ಕಾರಂತರ ‘ಬೆಟ್ಟದ ಜೀವ’ವೂ ಹಾಗೇ. ದಾರಿ ತಪ್ಪಿ ಬಂದವನಿಗೆ ಗೋಪಾಲಯ್ಯನವರ ಮನೆಯಲ್ಲಿ ಸಿಕ್ಕ ಉಪಚಾರವಷ್ಟೇ ನನಗೆ ನೆನಪಿತ್ತು. ಈಗ ಅವರ ಹೆಂಡತಿ ಶಂಕರಮ್ಮ ಬಡಿಸುವಾಗಲೆಲ್ಲ, ಮನೆ ಬಿಟ್ಟು ಹೋದ ಮಗ ಶಂಭುವೇ ಕಣ್ಣಿಗೆ ಬರುತ್ತಾನೆ.

ಎಲ್ಲ ಪುಸ್ತಕಕ್ಕೂ ಈ ಭಾಗ್ಯ ಇಲ್ಲ ಬಿಡು. ಒಂದು ಕಾಲದಲ್ಲಿ ರಾತ್ರಿಯೆಲ್ಲ ಕೂತು ಓದಿದ ಪತ್ತೇದಾರಿ ಕಾದಂಬರಿಗಳಲ್ಲಿ ಕೊಲೆಗಾರನ ಹೆಸರು ಕೂಡ ಉಳಿದಿಲ್ಲ. ಓದುವಾಗ ಖುಷಿ ಕೊಟ್ಟವು, ಅಷ್ಟು ಸಾಕು.

ಈಗ ನಿನ್ನ ಸರದಿ. ಭೈರಪ್ಪನವರ ‘ಗೃಹಭಂಗ’ ಓದಿದ್ದೀಯಲ್ಲ? ಪುಸ್ತಕ ತೆರೆಯದೆ, ಮೊದಲು ನೆನಪಿಗೆ ಬಂದಿದ್ದನ್ನು ಬರೆದು ಕಳಿಸು. ನಂಜಮ್ಮ ಹಚ್ಚುವ ಮುತ್ತುಗದ ಎಲೆ ಅಂದರೆ ಒಪ್ಪಲ್ಲ. ಅದು ಎಲ್ಲರಿಗೂ ನೆನಪಿರುತ್ತೆ.

ಇಂತಿ ನಿನ್ನ ಗೆಳೆಯ