ಉಂಗುರದ ಹರಳಿಗೆ ಮುಂಗಡ ಕೊಡುವ ಮುಂಚೆ

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿಶ್ಚಿತಾರ್ಥಕ್ಕೆ ಐವತ್ತು ಸೆಂಟಿನ, ಅಂದರೆ ಅರ್ಧ ಕ್ಯಾರೆಟ್ಟಿನ, ಒಂಟಿ ವಜ್ರದ ಹರಳು ನೋಡಿಟ್ಟಿದ್ದೀಯಂತೆ. ಸರ್ಟಿಫಿಕೇಟ್ ಇದೆ, ಯೋಚನೆ ಬೇಡ ಅಂದರಂತೆ ಅಂಗಡಿಯವರು. ಅದು ಯಾರು ಕೊಟ್ಟದ್ದು ಅಂತ ಕೇಳಿದೆಯಾ?

ನನ್ನ ಮದುವೆಯ ಏಳು ಕಲ್ಲಿನ ಓಲೆಗೂ ಕಾಗದವಿತ್ತು. ಅಂಗಡಿಯವರೇ ಬಿಲ್ಲಿನ ಮೇಲೆ 'ವಿವಿಎಸ್' ಅಂತ ಬರೆದು ಸೀಲು ಒತ್ತಿದ್ದರು. ಹಿಂಬದಿ ಮುಚ್ಚಿ ಕಟ್ಟಿದ್ದ ಓಲೆ. ಎಷ್ಟೋ ವರ್ಷದ ಮೇಲೆ ಹೊಸದಾಗಿ ಕಟ್ಟಿಸಲು ಬಿಚ್ಚಿಸಿದಾಗ ಅಕ್ಕಸಾಲಿಗರು ನನ್ನ ಕೈಗೇ ಲೂಪ್, ಅದೇ ಹರಳು ನೋಡುವ ಪುಟ್ಟ ಭೂತಗನ್ನಡಿ, ಕೊಟ್ಟರು. ಎರಡು ಕಲ್ಲುಗಳ ನಟ್ಟನಡುವೆ ಕಾಡಿಗೆ ತಾಗಿಸಿದಂಥ ಕಪ್ಪು ಚುಕ್ಕೆ! ವಿವಿಎಸ್ ಅನ್ನುವುದು ಕುಂದು ಬಹಳ ಸೂಕ್ಷ್ಮವಾಗಿರುವ ಹರಳಿನ ದರ್ಜೆ, ಅಂಥದ್ದಾದರೆ ಹತ್ತು ಪಟ್ಟು ದೊಡ್ಡದಾಗಿಸಿ ನೋಡಿದರೂ ನುರಿತವರ ಕಣ್ಣಿಗೇ ಕುಂದು ಸುಲಭವಾಗಿ ಸಿಗಬಾರದು. ಅವತ್ತು ನನಗಾದ ಸಂಕಟ ನಿನಗಾಗಬಾರದು.

ಅದಕ್ಕೇ ಹೇಳುತ್ತೇನೆ, ಮಾರುವವರು ಬರೆದುಕೊಟ್ಟದ್ದು ಸಾಲದು. ವಜ್ರ ಪರೀಕ್ಷಿಸಿ ದರ್ಜೆ ಕೊಡುವ ಜಿಐಎ, ಐಜಿಐ ಥರದ ಲ್ಯಾಬಿನ ವರದಿಯೇ ಬೇಕು. ಅದರಲ್ಲಿರುವ ನಂಬರನ್ನು ಆ ಲ್ಯಾಬಿನ ವೆಬ್‌ಸೈಟಿನಲ್ಲಿ ನೀನೇ ಹಾಕಿ ನೋಡು. ಎಷ್ಟೋ ಹರಳುಗಳ ನಡುವಂಚಿನಲ್ಲಿ ಅದೇ ನಂಬರನ್ನು ಲೇಸರಿನಲ್ಲಿ ಕೆತ್ತಿರುತ್ತಾರೆ. ಲೂಪ್ ಕೇಳಿ ಓದು, ನಾಚಿಕೊಳ್ಳಬೇಡ. ಕೆತ್ತದೇ ಇದ್ದರೆ, ಉಂಗುರಕ್ಕೆ ಕೂರಿಸುವ ಮುಂಚೆಯೇ ತೂಕ ಹಾಕಿಸು, ಮಿಲಿಮೀಟರ್ ಅಳತೆಯನ್ನೂ ವರದಿಯೊಂದಿಗೆ ತಾಳೆ ನೋಡು. ಕಟ್ಟಿದ ಮೇಲೆ ಯಾರಿಗೂ ಕರಾರುವಾಕ್ಕಾಗಿ ಹೇಳಲು ಬರುವುದಿಲ್ಲ. ಕಾಗದ ಅಪ್ಪಟವಾಗಿದ್ದು ಹರಳು ಬೇರೆಯಾದರೆ ಏನು ಬಂತು?

ಬಣ್ಣದ ದರ್ಜೆ ಡಿ ಇಂದ ಝಡ್‌ವರೆಗೆ, ಕೆಳಗಿಳಿದಂತೆ ಹಳದಿ ಛಾಯೆ. ಹಳದಿ ಚಿನ್ನದಲ್ಲಿ ಕೂರಿಸುವುದಾದರೆ ಡಿ ಗೆ ದುಡ್ಡು ಸುರಿಯಬೇಡ, ಎಚ್ ಕೂಡ ಬೆಳ್ಳಗೇ ಕಾಣುತ್ತದೆ. ಕುಂದಿನ ದರ್ಜೆಯಲ್ಲಿ ವಿವಿಎಸ್‌ಗಿಂತ ಕೆಳಗಿನ ವಿಎಸ್2 ಧಾರಾಳ ಸಾಕು. ಉಳಿದ ದುಡ್ಡನ್ನು ಕಟ್‌ಗೆ, ಅಂದರೆ ಹರಳನ್ನು ಕತ್ತರಿಸಿ ಮುಖಗಳನ್ನು ತಿದ್ದಿದ ಅಚ್ಚುಕಟ್ಟಿಗೆ, ಹಾಕು. ದುಂಡು ಹರಳಿಗೆ 'ಎಕ್ಸಲೆಂಟ್' ಅಂತಲೇ ಇರಲಿ. ಹೊಳಪು ಬರುವುದು ಅಲ್ಲಿಂದ.

ವರದಿಯಲ್ಲಿ ಲ್ಯಾಬ್-ಗ್ರೋನ್, ಅಂದರೆ ಲ್ಯಾಬಿನಲ್ಲಿ ಬೆಳೆಸಿದ್ದು, ಅಂತ ಬರೆದಿದೆಯೇ ನೋಡು. ಅದೂ ನಿಜವಾದ ವಜ್ರವೇ, ಆದರೆ ಬೆಲೆ ಬಹಳ ಕಡಿಮೆ, ಗಣಿಯ ಹರಳಿನ ರೇಟು ತೆರಬಾರದು. ಎಚ್‌ಯುಐಡಿ ಅನ್ನುವ ಹಾಲ್‌ಮಾರ್ಕ್ ನಂಬರು ತೋರಿಸಿದರೆ ಅದು ಚಿನ್ನದ್ದು ಮಾತ್ರ, ಹರಳಿಗೂ ಅದಕ್ಕೂ ಸಂಬಂಧವಿಲ್ಲ. ಜಿಐಎ ವರದಿಯಲ್ಲಿ ಬೆಲೆಯೂ ಇರುವುದಿಲ್ಲ, ಆದ್ದರಿಂದ ಅದೇ ದರ್ಜೆಯ ಹರಳಿಗೆ ಇನ್ನೆರಡು ಅಂಗಡಿಯಲ್ಲಿ ವಿಚಾರಿಸು.

ಶನಿವಾರ ನಾನೂ ಬರುತ್ತೇನೆ, ಅಲ್ಲಿಯವರೆಗೆ ಮುಂಗಡ ಕೊಡಬೇಡ.

ನಿನ್ನ
ದೊಡ್ಡಮ್ಮ