ಪಿಎಚ್‌.ಡಿ. ಮುಗಿದ ಹೊತ್ತಿಗೆ ಸಲ್ಲಿಸಬೇಕಾದ ಕೃತಜ್ಞತೆಗಳು

ವ್ಯರ್ಥವಾಗುವ ಶಾಖದಿಂದ ವಿದ್ಯುತ್ ಪಡೆಯುವ ಥರ್ಮೋಎಲೆಕ್ಟ್ರಿಕ್ ವಸ್ತುಗಳ ಕುರಿತ ನನ್ನ ಪ್ರಬಂಧದ ಮೌಖಿಕ ಪರೀಕ್ಷೆ ಕಳೆದ ವಾರ ಮುಗಿದು, ಪದವಿಗೆ ಶಿಫಾರಸು ದೊರೆತಿದೆ. ಅಭಿನಂದಿಸಿದ ಎಲ್ಲರಿಗೂ ವಂದನೆಗಳು. ಪ್ರಬಂಧದ ಕೃತಜ್ಞತಾ ಪುಟ ಇಂಗ್ಲಿಷಿನಲ್ಲಿದ್ದು, ಅದನ್ನು ಓದಲಾರದ ಕೆಲವರ ಋಣವೇ ನನ್ನ ಮೇಲೆ ಹೆಚ್ಚಾಗಿರುವುದರಿಂದ ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಒಂದು ತುದಿ ಬಿಸಿಯಾಗಿ ಇನ್ನೊಂದು ತಂಪಾಗಿದ್ದರೆ ಕೆಲವು ವಸ್ತುಗಳಲ್ಲಿ ವೋಲ್ಟೇಜ್ ಹುಟ್ಟುತ್ತದೆ. ಇದರ ಮೂಲ 1821ರಲ್ಲಿ ಸೀಬೆಕ್ ಕಂಡ ಪರಿಣಾಮ. ವಿದ್ಯುತ್ತು ಸರಾಗವಾಗಿ ಹರಿಯಬೇಕು, ಶಾಖ ಮಾತ್ರ ಹರಿಯಬಾರದು ಎಂಬುದೇ ಇಲ್ಲಿನ ತೊಡಕು, ಏಕೆಂದರೆ ಎಲೆಕ್ಟ್ರಾನುಗಳು ಎರಡನ್ನೂ ಹೊತ್ತೊಯ್ಯುತ್ತವೆ. ಹರಳಿನ ಕಂಪನಗಳು ಸಾಗಿಸುವ ಶಾಖವನ್ನಷ್ಟೇ ನಾವು ಬೇರೆಯಾಗಿ ತಡೆಯಬಹುದು. ಮಾರುಕಟ್ಟೆಯಲ್ಲಿ ಸಿಗುವ ಬಿಸ್ಮತ್ ಟೆಲ್ಯುರೈಡಿನ ಗುಣಾಂಕ, ಅಂದರೆ ವಸ್ತು ಶಾಖವನ್ನು ಎಷ್ಟು ಚೆನ್ನಾಗಿ ವಿದ್ಯುತ್ತಾಗಿಸಬಲ್ಲದೆಂಬ ಅಳತೆ (ಹೆಚ್ಚಿದ್ದಷ್ಟೂ ಒಳ್ಳೆಯದು), ಸುಮಾರು 1. ಬೆಂಗಳೂರಿನ ಜವಾಹರಲಾಲ್ ನೆಹರು ಕೇಂದ್ರದ ಕನಿಷ್ಕ ಬಿಸ್ವಾಸ್ ಅವರ ತಂಡ 2021ರಲ್ಲಿ, ಕ್ಯಾಡ್ಮಿಯಂ ಬೆರೆಸಿದ ಬೆಳ್ಳಿ-ಆಂಟಿಮನಿ ಟೆಲ್ಯುರೈಡಿನಲ್ಲಿ 300 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ 2.6 ಮುಟ್ಟಿತು. ಆದರೆ ಈ ಎರಡರಲ್ಲೂ ಇರುವ ಟೆಲ್ಯುರಿಯಂ ಭೂಮಿಯಲ್ಲಿ ತೀರ ವಿರಳ. ಬಹುಪಾಲು ತಾಮ್ರ ಶುದ್ಧೀಕರಣದ ಉಪೋತ್ಪನ್ನವಾಗಿ ಸಿಗುವಂಥದ್ದು. ಆದ್ದರಿಂದಲೇ ನನ್ನ ಮಾರ್ಗದರ್ಶಕರು ಮೆಗ್ನೀಸಿಯಂ, ಆಂಟಿಮನಿ, ಬಿಸ್ಮತ್‌ಗಳ ಸಂಯುಕ್ತವನ್ನು ನನಗೆ ಒಪ್ಪಿಸಿದರು. ಆ ನಂಬಿಕೆಗೆ ಅವರಿಗೆ ಚಿರಋಣಿ.

ಈ ಸಂಯುಕ್ತದಲ್ಲಿ ಕಾಯಿಸುವಾಗ ಮೆಗ್ನೀಸಿಯಂ ಆವಿಯಾಗಿ ಹೋಗುತ್ತದೆ. ಅದು ಸ್ವಲ್ಪ ಕಡಿಮೆಯಾದರೂ ವಸ್ತು ಎನ್ ಬಗೆಯಿಂದ (ಎಲೆಕ್ಟ್ರಾನುಗಳು ವಿದ್ಯುತ್ತನ್ನು ಒಯ್ಯುವಂಥದ್ದು) ಪಿ ಬಗೆಗೆ (ಎಲೆಕ್ಟ್ರಾನಿಲ್ಲದ ಖಾಲಿ ಜಾಗಗಳು ಒಯ್ಯುವಂಥದ್ದು) ತಿರುಗಿಬಿಡುತ್ತದೆ. ಆರ್ಗಾನ್ ತುಂಬಿದ ಪೆಟ್ಟಿಗೆಯೊಳಗೆ ದಪ್ಪ ರಬ್ಬರಿನ ಕೈಗವಸಿನಲ್ಲೇ ಚಿಟಿಕೆಯಷ್ಟು ಪುಡಿಯನ್ನು ಚೆಲ್ಲದೆ ತೂಗುವುದನ್ನು ಕಲಿಸಿದವರು ಪ್ರಯೋಗಾಲಯದ ತಾಂತ್ರಿಕ ಸಹಾಯಕರು. ನಕ್ಷೆಯಲ್ಲಿ ಬಿಸಿಯೇರುವಾಗಿನ ಅಳತೆಯ ಗೆರೆಯೂ ಇಳಿಯುವಾಗಿನ ಗೆರೆಯೂ ಒಂದರ ಮೇಲೊಂದು ಕೂರುವ ತನಕ ಯಾವ ಅಳತೆಯನ್ನೂ ನಂಬಬೇಡವೆಂದು ಅವರು ಹೇಳಿದ ಮಾತು ನನ್ನ ಇಡೀ ಪ್ರಬಂಧವನ್ನು ಕಾಪಾಡಿತು.

ಇನ್ನು ಊರಿನ ಋಣ. ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದರೆ ಕೊಡಗಿನ ತೋಟದ ಮನೆಗಳಿಗೆ ದಿನಗಟ್ಟಲೆ ಕರೆಂಟಿರುವುದಿಲ್ಲ. 2018ರ ಆಗಸ್ಟಿನ ನೆನಪು ಯಾರಿಗೂ ಮಾಸಿಲ್ಲ. ಆದರೆ ಬಚ್ಚಲೊಲೆ ಮಾತ್ರ ಆರುವುದಿಲ್ಲ. ಅದರ ಬದಿಗೆ ಮಾರುಕಟ್ಟೆಯ ಬಿಸ್ಮತ್ ಟೆಲ್ಯುರೈಡ್ ಬಿಲ್ಲೆಯೊಂದನ್ನು ಕೂರಿಸಲು ಅಜ್ಜಿ ಅನುಮತಿ ಕೊಟ್ಟದ್ದು ಒಂದು ಷರತ್ತಿನ ಮೇಲೆ: “ಕರೆಂಟು ಬಂದರೆ ಬರಲಿ, ಮೀಯುವ ನೀರಿಗೆ ಮಾತ್ರ ಕಡಿಮೆಯಾಗಬಾರದು.” ಆ ಷರತ್ತೇ ವಿನ್ಯಾಸವನ್ನು ತೀರ್ಮಾನಿಸಿತು. ಇಂಥ ಬಿಲ್ಲೆ ತನ್ನ ಮೂಲಕ ಹಾಯುವ ಶಾಖದಲ್ಲಿ ನೂರಕ್ಕೆ ಕೆಲವೇ ಪಾಲನ್ನು ವಿದ್ಯುತ್ತಾಗಿಸುತ್ತದೆ. ಉಳಿದದ್ದು ತಂಪು ಮುಖದಿಂದ ಹೊರಹೋಗಲೇಬೇಕು. ಹಂಡೆಗೆ ಹೋಗುವ ತಣ್ಣೀರನ್ನೇ ಆ ಮುಖಕ್ಕೆ ತಾಗಿದ ಅಲ್ಯೂಮಿನಿಯಂ ಡಬ್ಬಿಯಲ್ಲಿ ಹಾಯಿಸಿದ್ದರಿಂದ ಆ ಶಾಖ ಸ್ನಾನದ ನೀರಿಗೇ ಸೇರಿತು. ದಕ್ಷತೆ ಕಡಿಮೆಯೆಂದು ಈ ತಂತ್ರಜ್ಞಾನವನ್ನು ತಳ್ಳಿಹಾಕುವವರು ಉಳಿದ ಶಾಖ ಎಲ್ಲಿಗೆ ಹೋಗುತ್ತದೆಂದು ಕೇಳುವುದೇ ಇಲ್ಲ.

ನಾಲ್ಕು ಸೆಂಟಿಮೀಟರ್ ಚೌಕದ ಆ ಬಿಲ್ಲೆಯಲ್ಲಿ 127 ಜೋಡಿ ಕಾಲುಗಳಿವೆ (ಜೋಡಿಯೆಂದರೆ ಎನ್ ಬಗೆಯದೊಂದು, ಪಿ ಬಗೆಯದೊಂದು ಪುಟ್ಟ ತುಂಡು). ಪ್ರತಿ ಜೋಡಿ ಒಂದು ಡಿಗ್ರಿ ಅಂತರಕ್ಕೆ ಸುಮಾರು 0.4 ಮಿಲಿವೋಲ್ಟ್ ಕೊಡುವುದರಿಂದ, ನೂರು ಡಿಗ್ರಿ ಅಂತರವಿದ್ದರೆ ಒಟ್ಟು 5 ವೋಲ್ಟ್. ಅತಿ ಹೆಚ್ಚು ಶಕ್ತಿ ಎಳೆಯುವಾಗ ಅದು ಅರ್ಧಕ್ಕಿಳಿಯುತ್ತದೆ. ವೋಲ್ಟೇಜ್ ಏರಿಸುವ ಪುಟ್ಟ ಸರ್ಕ್ಯೂಟ್ ಸೇರಿಸಿದರೆ ಎಲ್‌ಇಡಿ ದೀಪಕ್ಕೆ ಧಾರಾಳ, ಫೋನಿಗೆ ನಿಧಾನವಾದರೂ ಸಾಕು. ಬೆಂಕಿ ನೇರವಾಗಿ ತಾಗಿ ಒಳಗಿನ ಬೆಸುಗೆ ಕರಗದಂತೆ ನಡುವೆ ಕಬ್ಬಿಣದ ಪಟ್ಟಿ ಬೇಕಿತ್ತು. ಪಟ್ಟಿಗೂ ಬಿಲ್ಲೆಗೂ ನಡುವೆ ಕೂದಲೆಳೆಯಷ್ಟು ಗಾಳಿ ಉಳಿದರೂ ಬಿಸಿಯ ಅಂತರ ಅಲ್ಲೇ ಸೋರಿಹೋಗುವುದೆಂದು ಹೇಳಿದಾಗ, ಗೋಣಿಕೊಪ್ಪದ ವೆಲ್ಡಿಂಗ್ ಅಂಗಡಿಯ ಅಣ್ಣ ಪಟ್ಟಿಯನ್ನು ಗಾಜಿನ ಮೇಲಿಟ್ಟು, ಅಂಚಿನಲ್ಲಿ ಬೆಳಕು ಇಣುಕದವರೆಗೂ ಉಜ್ಜಿದರು, ಕೂಲಿ ಕೇಳಲಿಲ್ಲ.

ನನ್ನ ಸ್ವಂತ ವಸ್ತು ಇನ್ನೂ ನಾಣ್ಯದಗಲದ ತುಂಡಾಗಿಯೇ ಇದೆ. ತಾಮ್ರದ ಪಟ್ಟಿಗೂ ಅದಕ್ಕೂ ನಡುವೆ ಬಿಸಿಗೆ ಬಿರುಕುಬಿಡದ, ಪರಸ್ಪರ ಬೆರೆಯಲೂ ಬಿಡದ ಲೋಹದ ಪದರ ಸಿದ್ಧವಾದ ಮೇಲಷ್ಟೇ ಅದು ಬಿಲ್ಲೆಯಾಗುತ್ತದೆ. ಅಲ್ಲಿಯವರೆಗೆ ತಾಂತ್ರಿಕ ಸಹಾಯಕರನ್ನೂ ವೆಲ್ಡಿಂಗ್ ಅಣ್ಣನನ್ನೂ ಇನ್ನಷ್ಟು ಕಾಡಲಿದ್ದೇನೆ. ಅದಕ್ಕೂ ಸೇರಿಸಿಯೇ ಈ ವಂದನೆ.